ಒಂದು ಗುಂಡಿನ ಸದ್ದು ಕೇಳಿದ ಮೇಲೆ ಎಷ್ಟು ಹೊತ್ತು ಕಾಯಬೇಕು?

(ಮಡಿಕೇರಿಯಲ್ಲಿ ಮಳೆಗಾಲದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಇಷ್ಟು ಜನ ಬರುತ್ತೀರೆಂದು ನಾನು ಎಣಿಸಿರಲಿಲ್ಲ. ಬಾಗಿಲಲ್ಲಿ ಒದ್ದೆ ಕೊಡೆಗಳ ರಾಶಿ ಕಂಡು ಸಂತೋಷವಾಯಿತು, ಸ್ವಲ್ಪ ಅಳುಕೂ ಆಯಿತು.

ನಾನು ಕೆಲಸ ಮಾಡುವುದು ಮೊಬೈಲ್ ಟವರ್‌ನ ಪೆಟ್ಟಿಗೆಯೊಳಗೆ ಓಡುವ ಸಾಫ್ಟ್‌ವೇರ್ ಮೇಲೆ. ಅದರಲ್ಲೂ ಶೆಡ್ಯೂಲರ್ ಎಂಬ ಒಂದು ಭಾಗದ ಮೇಲೆ. ಸರದಿ ಹಂಚುವವನು ಎಂದಿಟ್ಟುಕೊಳ್ಳಿ. ಊರಿಗೆ ಬಂದಾಗಲೆಲ್ಲ ನೆಂಟರು ಕೇಳುವುದು ಒಂದೇ ಪ್ರಶ್ನೆ: ‘ನಮ್ಮ ಮನೆಯೊಳಗೆ ನೆಟ್‌ವರ್ಕ್ ಯಾವಾಗ ಬರುತ್ತದೆ?’ ಅದು ನನ್ನ ಕೈಯಲ್ಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಹಾಗಾದರೆ ನನ್ನ ಕೈಯಲ್ಲಿರುವುದು ಏನು ಎಂದು ಹೇಳುವುದಕ್ಕೇ ಇವತ್ತು ನಿಂತಿದ್ದೇನೆ.

ನಿಮಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ. ಕೊಡವರ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಒಂದರ ಹಿಂದೊಂದು ಎರಡು ಗುಂಡು ಹಾರಿಸುವ ಪದ್ಧತಿ ಇತ್ತು. ಗುಡ್ಡದಾಚೆಯ ಮನೆಗೆ ತಂತಿಯಿಲ್ಲದೆ ಸುದ್ದಿ ಮುಟ್ಟಿಸುವ ಏರ್ಪಾಡು ಅದು. ಆದರೆ ನಾನು ಓದಿದ ಓದಿನ ಕಣ್ಣಿಗೆ ಅದರಲ್ಲೊಂದು ಅಪಾಯ ಕಾಣುತ್ತದೆ. ಎರಡು ಗುಂಡುಗಳಲ್ಲಿ ಒಂದರ ಸದ್ದು ಗಾಳಿಗೆ ಸಿಕ್ಕಿ ಎತ್ತಲೋ ಹೋಯಿತು ಎನ್ನಿ. ಕೇಳಿದವನ ಪಾಲಿಗೆ ಸಾವು ಹುಟ್ಟಾಗಿಬಿಡುತ್ತದೆ. ಹಾಗಾಗಿ ಮೊದಲ ಸದ್ದು ಕೇಳಿದವನು ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು ಕಿವಿಗೊಟ್ಟು ನಿಲ್ಲಬೇಕು. ಇನ್ನೊಂದು ಬರುತ್ತದೋ ಇಲ್ಲವೋ? ಬೇಗ ತೀರ್ಮಾನಿಸಿದರೆ ತಪ್ಪಾದೀತು. ಖಚಿತವಾಗಲೆಂದು ಕಾದರೆ ಹೊರಡುವುದು ತಡವಾದೀತು. ಎಷ್ಟು ಹೊತ್ತು ಕಾಯಬೇಕು?

ನನ್ನ ವೃತ್ತಿಯ ಇಡೀ ಜಗಳ ಇದೇ. ಕಳಿಸಿದ್ದು ಸರಿಯಾಗಿ ತಲುಪುತ್ತದೆಂಬ ಭರವಸೆಯನ್ನು ಪುಸ್ತಕಗಳಲ್ಲಿ ವಿಶ್ವಾಸಾರ್ಹತೆ ಎಂದು ಬರೆಯುತ್ತಾರೆ. ಆ ಭರವಸೆ ಪುಕ್ಕಟೆ ಸಿಗುವುದಿಲ್ಲ, ಸಮಯ ಕೊಟ್ಟು ಕೊಳ್ಳಬೇಕು. ನನ್ನ ಸಮಯವನ್ನಷ್ಟೇ ಕೊಟ್ಟರೆ ಸಾಲದು. ಅದೇ ಟವರ್‌ನಡಿ ಕಾಯುತ್ತಿರುವ ಉಳಿದವರ ಸಮಯವನ್ನೂ ಕೊಡಬೇಕಾಗುತ್ತದೆ. ಯಾರ ಸಮಯ ಕಿತ್ತು ಯಾರಿಗೆ ಭರವಸೆ ಕೊಡುವುದು ಎಂದು ಶೆಡ್ಯೂಲರ್ ತೀರ್ಮಾನಿಸುತ್ತದೆ.

ಅದಕ್ಕೆ ತೀರ್ಮಾನಿಸಲು ಸಿಗುವ ಹೊತ್ತು ಎಷ್ಟೆಂದು ನೋಡಿ. 4ಜಿಯಲ್ಲಿ ಒಂದು ಸೆಕೆಂಡನ್ನು ಸಾವಿರ ತುಂಡು ಮಾಡಿರುತ್ತಾರೆ, ಒಂದೊಂದು ತುಂಡು ಒಂದು ಮಿಲಿಸೆಕೆಂಡ್. ತರಂಗಾಂತರದ ಪಟ್ಟಿಯನ್ನೂ 180 ಕಿಲೋಹರ್ಟ್ಜ್ ಅಗಲದ ತುಂಡುಗಳಾಗಿ ಸೀಳಿರುತ್ತಾರೆ. 10 ಮೆಗಾಹರ್ಟ್ಜ್ ಪಟ್ಟಿಯಲ್ಲಿ ಇಂಥವು 50. ಅಂದರೆ ಸೆಕೆಂಡಿಗೆ 50 ಸಾವಿರ ಖಾನೆಗಳು, ಪ್ರತಿ ಖಾನೆಗೂ ಒಬ್ಬ ವಾರಸುದಾರನನ್ನು ಹುಡುಕಬೇಕು. ಮೂರು ಜನರನ್ನು ಕಲ್ಪಿಸಿಕೊಳ್ಳಿ. ರಾಜಾಸೀಟಿನ ಕಟ್ಟೆಯ ಮೇಲೆ ಕುಳಿತು ಮಂಜಿನ ವಿಡಿಯೊ ಕಳಿಸುತ್ತಿರುವ ಪ್ರವಾಸಿ. ಇಳಿಜಾರಿನ ತೋಟದಲ್ಲಿ ಕಾರ್ಮಿಕರ ಲೈನ್‌ಮನೆಯ ಮುಂದೆ ನಿಂತು ಮೈಸೂರಿನಲ್ಲಿರುವ ಮಗಳೊಂದಿಗೆ ಮಾತನಾಡುತ್ತಿರುವ ತಾಯಿ. ಘಾಟಿ ಕಡೆಗೆ ಹೊರಟ ಬಸ್ಸಿನಲ್ಲಿ ಬ್ಯಾಂಕಿನ ಓಟಿಪಿಗೆ ಕಾದು ಪರದೆಯನ್ನೇ ನೋಡುತ್ತಿರುವ ಹುಡುಗ. ಮೂವರಿಗೂ ಈ ಮಿಲಿಸೆಕೆಂಡೇ ಬೇಕು.

ಇಷ್ಟು ಹೇಳುವಷ್ಟರಲ್ಲಿ ಸಭಾಂಗಣದ ಕರೆಂಟ್ ಹೋಯಿತು. ಮೈಕ್ ಸತ್ತಿತು, ತಗಡಿನ ಮೇಲೆ ಮಳೆಯ ಸದ್ದು ಎರಡು ಪಟ್ಟಾಯಿತು. ಯಾರೋ ಜನರೇಟರ್ ಕಡೆ ಓಡಿದರು. ನಾನು ಮೈಕಿಲ್ಲದೆ ಮುಂದುವರಿಸಿದೆ, ಐದು ನಿಮಿಷದ ಬಳಿಕ ಬೆಳಕು ಬಂದಾಗ ಕೇಳಿದೆ: ‘ಕರೆಂಟ್ ಹೋದಾಗ ನನ್ನ ಮಾತು ಹೇಗೆ ಬದಲಾಯಿತು, ಗಮನಿಸಿದಿರಾ?’ ಹಿಂದಿನ ಸಾಲಿನ ಹುಡುಗಿಯೊಬ್ಬಳು ಥಟ್ಟನೆ ಹೇಳಿದಳು: ‘ನಿಧಾನವಾಯಿತು ಸರ್. ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಿದಿರಿ.’

ಟವರ್ ಮಾಡುವುದೂ ಅದನ್ನೇ. ನಿಮ್ಮ ಫೋನು ಕೆಲವು ಮಿಲಿಸೆಕೆಂಡಿಗೊಮ್ಮೆ 0ರಿಂದ 15ರೊಳಗಿನ ಒಂದು ಅಂಕಿಯನ್ನು ಟವರ್‌ಗೆ ವರದಿ ಮಾಡುತ್ತಿರುತ್ತದೆ. ನನಗೆ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬುದರ ಲೆಕ್ಕ ಅದು. ಅಂಕಿ ದೊಡ್ಡದಿದ್ದರೆ ಟವರ್ ಒಂದೇ ಉಸಿರಿಗೆ ಹೆಚ್ಚು ತುರುಕುತ್ತದೆ, ಒಂದು ಸಂಕೇತಕ್ಕೆ 6 ಅಥವಾ 8 ಬಿಟ್, ಅಂದರೆ ಅಷ್ಟು ಸೊನ್ನೆ-ಒಂದುಗಳು. ಅಂಕಿ ಇಳಿದರೆ 2 ಬಿಟ್‌ಗೆ ಇಳಿದು, ಜೊತೆಗೆ ತಪ್ಪು ತಿದ್ದುವ ಹೆಚ್ಚುವರಿ ಬಿಟ್‌ಗಳನ್ನು ಕಟ್ಟಿ ಕಳಿಸುತ್ತದೆ. ಅದೇ ವಿಷಯ ಹೇಳಲು ಹೆಚ್ಚು ಖಾನೆಗಳು ಬೇಕಾಗುತ್ತವೆ. ತೋಟದ ತಾಯಿಯ ಒಂದು ವಾಕ್ಯಕ್ಕೆ ರಾಜಾಸೀಟಿನ ಪ್ರವಾಸಿಯ ಹಲವು ವಾಕ್ಯಗಳ ಜಾಗ ಹೋಗುತ್ತದೆ.

ಹಾಗಾದರೆ ಎಲ್ಲರಿಗೂ ಎಚ್ಚರಿಕೆಯಿಂದಲೇ ಕಳಿಸಿಬಿಟ್ಟರೆ ಆಗದೇ? ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಗೇ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, 4ಜಿ ಟವರ್ ಸಾಮಾನ್ಯವಾಗಿ ಮೊದಲ ಯತ್ನದಲ್ಲಿ ಹತ್ತಕ್ಕೆ ಒಂದು ಕಟ್ಟು (ಒಮ್ಮೆಗೆ ಕಳಿಸುವ ಬಿಟ್‌ಗಳ ಕಂತೆ) ಕೆಡಲಿ ಎಂದೇ ಗುರಿ ಇಟ್ಟುಕೊಂಡಿರುತ್ತದೆ. ಕೆಟ್ಟರೂ ಅಡ್ಡಿಯಿಲ್ಲ ಎಂದಲ್ಲ, ಕೆಡಬೇಕು. ಹತ್ತರಲ್ಲಿ ಒಂದೂ ಕೆಡುತ್ತಿಲ್ಲವೆಂದರೆ ಟವರ್ ಅತಿಯಾಗಿ ಹೆದರಿ ನಡೆಯುತ್ತಿದೆ, ಜಾಗ ಪೋಲು ಮಾಡುತ್ತಿದೆ, ಸಾಲಿನಲ್ಲಿ ನಿಂತವರನ್ನು ವಿನಾಕಾರಣ ಕಾಯಿಸುತ್ತಿದೆ ಎಂದರ್ಥ. ತಪ್ಪಾಗಲಿ, ತಿದ್ದಿಕೊಳ್ಳೋಣ, ತಪ್ಪೇ ಆಗಬಾರದೆಂದು ಹೊರಟರೆ ಕೆಲಸ ಸಾಗುವುದಿಲ್ಲ. ಈ ಮಾತನ್ನು ಒಂದು ಮಾನದಂಡವೇ ಒಪ್ಪಿಕೊಂಡಿರುವುದು ನನಗೆ ಇವತ್ತಿಗೂ ಮೆಚ್ಚುಗೆ.

ತಿದ್ದಿಕೊಳ್ಳುವ ಬಗೆಯಂತೂ ಇನ್ನೂ ಚಂದ. ಕಣಿವೆಯ ಆಚೆ ದಡದಿಂದ ಒಬ್ಬರು ಕೂಗಿ ಊರಿನ ಹೆಸರು ಹೇಳುತ್ತಿದ್ದಾರೆ. ಮಳೆಯ ಸದ್ದಿನಲ್ಲಿ ನಿಮಗೆ ಕೇಳಿಸಿದ್ದು ‘...ಪೇಟೆ’ ಮಾತ್ರ. ವಿರಾಜಪೇಟೆಯೋ ಸೋಮವಾರಪೇಟೆಯೋ? ‘ಏನು?’ ಎಂದು ಕೂಗುತ್ತೀರಿ. ಅವರು ಮತ್ತೆ ಕೂಗುತ್ತಾರೆ, ಈ ಸಲ ‘ವಿರಾ...’ ಎಂಬಷ್ಟೇ ಕಿವಿಗೆ ಬಿತ್ತು. ಎರಡೂ ಸಲ ಅರ್ಧವೇ ಕೇಳಿದ್ದು. ಆದರೆ ಮೊದಲ ಅರ್ಧವನ್ನು ನೀವು ಮರೆತಿಲ್ಲವಲ್ಲ, ಜೋಡಿಸಿದರೆ ಊರು ಪೂರ್ತಿಯಾಯಿತು. ಫೋನೂ ಕೆಟ್ಟುಬಂದ ಕಟ್ಟನ್ನು ಎಸೆಯುವುದಿಲ್ಲ. ಅದನ್ನು ಹಾಗೇ ಇಟ್ಟುಕೊಂಡು ‘ಸಿಗಲಿಲ್ಲ’ ಎನ್ನುತ್ತದೆ. ಎರಡನೆಯದು ಬಂದಾಗ ಎರಡನ್ನೂ ಕೂಡಿಸಿ ಓದುತ್ತದೆ. ಟವರ್ ಕೂಡ ಜಾಣ. ಎರಡನೆಯ ಸಲ ಅದನ್ನೇ ಪುನಃ ಕಳಿಸುವ ಬದಲು, ಮೊದಲ ಸಲ ಕಳಿಸದೆ ಉಳಿಸಿಕೊಂಡಿದ್ದ ತಿದ್ದುಪಡಿ ಬಿಟ್‌ಗಳನ್ನು ಕಳಿಸಬಲ್ಲದು.

ಬೆಲೆ? ಕಳಿಸಿ, ಉತ್ತರ ಪಡೆದು, ಪುನಃ ಕಳಿಸುವ ಒಂದು ಸುತ್ತಿಗೆ 4ಜಿಯಲ್ಲಿ 8 ಮಿಲಿಸೆಕೆಂಡ್. ಹತ್ತಕ್ಕೆ ಒಂದು ಕೆಡುತ್ತಿದ್ದದ್ದು ಒಂದು ಸುತ್ತಿನ ನಂತರ ನೂರಕ್ಕೆ ಒಂದಕ್ಕಿಂತ ಕಡಿಮೆಯಾಗುತ್ತದೆ ಎಂದುಕೊಳ್ಳಿ, ಇನ್ನೊಂದು ಸುತ್ತಿಗೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಎಂಟೆಂಟು ಮಿಲಿಸೆಕೆಂಡ್ ಕೊಡುತ್ತಾ ಹೋದಂತೆ ಭರವಸೆಗೆ ಒಂದೊಂದು ಸೊನ್ನೆ ಸೇರುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದು ಕಳಿಸುತ್ತಿರುವ ವಸ್ತುವಿನ ಮೇಲೆ ನಿಂತಿದೆ.

ಇಲ್ಲಿ ತಾಯಿಯ ಮಾತಿಗೆ ಬರೋಣ. ಫೋನು ಧ್ವನಿಯನ್ನು 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ ಕಳಿಸುತ್ತದೆ. ‘ಊಟ ಆಯ್ತಾ ಮಗಳೇ’ ಎನ್ನುವಷ್ಟರಲ್ಲಿ ಹತ್ತಾರು ಚೂರು. 4ಜಿ ಮಾನದಂಡ ಈ ಮಾತಿಗೆ ಕೊಟ್ಟಿರುವ ಗಡುವು 100 ಮಿಲಿಸೆಕೆಂಡ್. ನೂರರಲ್ಲಿ ಒಂದು ಚೂರು ಕಳೆದುಹೋದರೂ ಚಿಂತೆಯಿಲ್ಲ. ಇಂಟರ್‌ನೆಟ್ ಪುಟ, ಇಮೇಲ್, ಫೋಟೊಗಳ ವರ್ಗ ನೋಡಿ: ಗಡುವು 300 ಮಿಲಿಸೆಕೆಂಡ್, ಕಳೆಯಬಹುದಾದದ್ದು ಹತ್ತು ಲಕ್ಷಕ್ಕೆ ಒಂದು. ಪ್ರೀತಿಯ ಮಾತಿಗಿಂತ ಕರೆಂಟ್ ಬಿಲ್ಲಿಗೆ ಹತ್ತು ಸಾವಿರ ಪಟ್ಟು ಹೆಚ್ಚು ಕಾವಲು! ಕೇಳಲು ಅನ್ಯಾಯವೆನಿಸುತ್ತದೆ, ಆದರೆ ಕಾರಣವಿದೆ. ಮಾತಿನ ಒಂದು ಚೂರು ಹೋದರೆ ಫೋನು ಅಕ್ಕಪಕ್ಕದ ಚೂರುಗಳನ್ನು ನೋಡಿ ತೂತು ಮುಚ್ಚುತ್ತದೆ, ಮಗಳಿಗೆ ಗೊತ್ತೂ ಆಗುವುದಿಲ್ಲ. ಅದೇ ಚೂರು ಅರ್ಧ ಸೆಕೆಂಡ್ ತಡವಾಗಿ ಬಂದರೆ? ಇಬ್ಬರೂ ಒಟ್ಟಿಗೆ ಮಾತನಾಡುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ, ‘ಹಲೋ ಹಲೋ’ ಶುರುವಾಗುತ್ತದೆ. ಬಿಲ್ಲಿನಲ್ಲಿ ಒಂದು ಅಂಕಿ ಹೋದರೆ ಅಕ್ಕಪಕ್ಕದ ಅಂಕಿ ನೋಡಿ ಊಹಿಸಲಾದೀತೇ? ಆದ್ದರಿಂದ ತಡವಾದ ಮಾತಿನ ಚೂರನ್ನು ಬಿಸಾಡು, ಬಿಲ್ಲಿನ ಚೂರನ್ನು ಎಷ್ಟು ತಡವಾದರೂ ಮುಟ್ಟಿಸು. ‘ಒಳ್ಳೆಯ ನೆಟ್‌ವರ್ಕ್’ ಎಂದು ಯಾರಾದರೂ ಅಂದಾಗ ನಾನು ‘ಯಾವುದಕ್ಕೆ?’ ಎಂದು ಕೇಳುವುದು ಇದಕ್ಕೇ. ಉತ್ತರ ಸಿಗುವುದಕ್ಕಿಂತ ಬೈಗುಳ ಸಿಗುವುದೇ ಹೆಚ್ಚು.

ಕೊಡಗಿನವರಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಕಷ್ಟ: ಅವರ ಮಾತು ನಮಗೆ ಸ್ಪಷ್ಟ, ನಮ್ಮ ಮಾತು ಅವರಿಗೆ ಕೇಳುವುದಿಲ್ಲ. ಟವರ್ ಹತ್ತಾರು ವಾಟ್ ಶಕ್ತಿಯಲ್ಲಿ ಕೂಗುತ್ತದೆ, ಕೈಯಲ್ಲಿರುವ ಫೋನಿನ ಮಿತಿ ವಾಟಿನ ಐದನೆಯ ಒಂದು ಪಾಲು. ಟವರ್‌ನ ವ್ಯಾಪ್ತಿಯ ಅಂಚಿನಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ ನಿಂತ ತಾಯಿಗೆ ಒಂದು ಮಿಲಿಸೆಕೆಂಡಿನಲ್ಲಿ ಹೇಳಿ ಮುಗಿಸುವಷ್ಟು ಗಂಟಲಿಲ್ಲ. ಪ್ರತಿ ಸಲ ‘ಸಿಗಲಿಲ್ಲ’ ಎಂಬ ಉತ್ತರಕ್ಕೆ ಕಾದು ಮತ್ತೆ ಕಳಿಸುತ್ತಾ ಕೂತರೆ 100 ಮಿಲಿಸೆಕೆಂಡ್ ಅಲ್ಲೇ ಕರಗುತ್ತದೆ. ಅದಕ್ಕೊಂದು ಉಪಾಯ ಮಾಡಿದ್ದಾರೆ. ಉತ್ತರ ಕೇಳಲೇಬೇಡ, ಒಂದೇ ಚೂರನ್ನು ಸಾಲಾಗಿ ನಾಲ್ಕು ಮಿಲಿಸೆಕೆಂಡ್‌ಗಳಲ್ಲಿ ನಾಲ್ಕು ಸಲ ಹೇಳಿಬಿಡು. ಟವರ್ ಕೂಡಿಸಿ ಓದಿಕೊಳ್ಳುತ್ತದೆ. ಎರಡು ಗುಂಡು ಹಾರಿಸಿದವರು ಮಾಡಿದ್ದೂ ಹೆಚ್ಚುಕಡಿಮೆ ಇದೇ. ಗುಡ್ಡದಾಚೆಯಿಂದ ‘ಕೇಳಿಸಿತು’ ಎಂಬ ಉತ್ತರ ಬರಲಿ ಎಂದು ಅವರು ಕಾಯಲಿಲ್ಲ.

ಈಗ ಯಾರ ಸರದಿ ಮೊದಲು ಎಂಬ ಪ್ರಶ್ನೆ. ಚೆನ್ನಾಗಿ ಕೇಳಿಸುವವನಿಗೇ ಕೊಡುತ್ತಾ ಹೋದರೆ ಟವರ್‌ನ ಒಟ್ಟು ಲೆಕ್ಕ ಬಹಳ ಚೆನ್ನಾಗಿರುತ್ತದೆ, ತಾಯಿ ಮಾತ್ರ ಜಗಲಿಯಲ್ಲೇ ನಿಂತಿರುತ್ತಾಳೆ. ಎಲ್ಲರಿಗೂ ಸಮ ವೇಗ ಎಂದರೆ ದುರ್ಬಲ ಸಿಗ್ನಲ್‌ನವರು ಜಾಗವೆಲ್ಲ ನುಂಗುತ್ತಾರೆ. ಇವೆರಡರ ನಡುವೆ ಹುಟ್ಟಿದ್ದು ಪ್ರಪೋರ್ಷನಲ್ ಫೇರ್ ಎಂಬ ಸೂತ್ರ. ಈ ಕ್ಷಣ ನಿನಗೆ ಎಷ್ಟು ವೇಗ ಸಿಗುತ್ತದೆ, ಇಲ್ಲಿಯವರೆಗೆ ಸರಾಸರಿ ಎಷ್ಟು ಸಿಕ್ಕಿದೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸು. ಪ್ರವಾಸಿಗೆ ಈಗ 40, ಸರಾಸರಿಯೂ 40, ಭಾಗಲಬ್ಧ 1. ಬಸ್ಸಿನ ಹುಡುಗನಿಗೆ ಸರಾಸರಿ 3, ತಿರುವಿನಲ್ಲಿ ಗುಡ್ಡ ಸರಿದು ಈಗ 6, ಭಾಗಲಬ್ಧ 2. ಸರದಿ ಹುಡುಗನದು. ತೋಟದವರಿಗೆ ಇದು ಹೊಸದಲ್ಲ. ಅರೇಬಿಕಾ ಕಾಫಿ ಒಮ್ಮೆಲೇ ಹಣ್ಣಾಗುವುದಿಲ್ಲ. ಫ್ಲೈ ಪಿಕಿಂಗ್‌ಗೆ, ಅಂದರೆ ಮೊದಲು ಹಣ್ಣಾದದ್ದನ್ನಷ್ಟೇ ಕೊಯ್ಯಲು, ಹೋದವರು ಯಾವ ಗಿಡ ತನ್ನ ಮಟ್ಟಿಗೆ ಹಣ್ಣಾಗಿದೆಯೋ ಅದಕ್ಕೆ ಕೈ ಹಾಕುತ್ತಾರೆ, ಪಕ್ಕದ ಗಿಡದೊಂದಿಗೆ ಹೋಲಿಸುವುದಿಲ್ಲ.

ಸೂತ್ರದ ಕುಂದೂ ಕಾಫಿಯಲ್ಲೇ ಇದೆ. ಹಣ್ಣಾಗಲಿ ಎಂದು ಕಾಯುತ್ತಿರುವಾಗ ಅಕಾಲ ಮಳೆ ಬಂದರೆ ಹಣ್ಣು ನೆಲಕ್ಕೆ. ಬಸ್ಸಿನ ಹುಡುಗನಿಗೆ ತಿರುವುಗಳಿವೆ, ಒಳ್ಳೆಯ ಗಳಿಗೆ ಬಂದೇ ಬರುತ್ತದೆ. ಕದಲದೆ ನಿಂತ ತಾಯಿಗೆ ಅಂಥ ಗಳಿಗೆ ಬರುವುದು ಅಪರೂಪ. ಆದ್ದರಿಂದ ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೆ ಎಂಬುದೂ ಲೆಕ್ಕಕ್ಕೆ ಸೇರಬೇಕು. 1992ರಲ್ಲಿ ಟಾಸಿಯುಲಾಸ್ ಮತ್ತು ಎಫ್ರೆಮಿಡಿಸ್ ಎಂಬ ಇಬ್ಬರು ಸಂಶೋಧಕರು, ಕಾದಿರುವ ಕಟ್ಟುಗಳ ಸಾಲಿನ ಉದ್ದವನ್ನು ವೇಗದೊಂದಿಗೆ ಗುಣಿಸಿ ದೊಡ್ಡದು ಬಂದವರಿಗೆ ಸರದಿ ಕೊಟ್ಟರೆ, ಜಾಲಕ್ಕೆ ತಾಳಲು ಸಾಧ್ಯವಿರುವ ಯಾವ ಹೊರೆಯಡಿಯಲ್ಲೂ ಸಾಲುಗಳು ಮಿತಿಮೀರಿ ಬೆಳೆಯುವುದಿಲ್ಲ ಎಂದು ಸಾಧಿಸಿ ತೋರಿಸಿದರು. 2001ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ತಂಡವೊಂದು ಸಾಲಿನ ಉದ್ದದ ಜಾಗಕ್ಕೆ ಮುಂಚೂಣಿಯಲ್ಲಿರುವ ಕಟ್ಟು ಕಾದ ಹೊತ್ತನ್ನು ತಂದಿಟ್ಟಿತು. ಗಡುವು ಹತ್ತಿರವಾದಂತೆ ತಾಯಿಯ ತೂಕ ಏರುತ್ತದೆ. ಸಿಗ್ನಲ್ ಚೆನ್ನಾಗಿಲ್ಲದಿದ್ದರೂ, ಜಾಗ ಪೋಲಾದರೂ, ಈಗ ಅವಳ ಸರದಿ.

5ಜಿಯ ಬಗ್ಗೆ ಕೇಳುವಿರೆಂದು ಗೊತ್ತು, ಚಿಕ್ಕದಾಗಿ ಹೇಳುತ್ತೇನೆ. ಕಾರ್ಖಾನೆಯ ಯಂತ್ರಗಳಂಥವುಗಳಿಗಾಗಿ ಅದರಲ್ಲಿ ಇಟ್ಟುಕೊಂಡ ಗುರಿ: 32 ಬೈಟ್‌ನ ಪುಟ್ಟ ಸಂದೇಶ, ಒಂದು ಮಿಲಿಸೆಕೆಂಡಿನೊಳಗೆ, ಲಕ್ಷಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಬಾರದು. ಪುನಃ ಕೇಳಿ ತಿದ್ದಿಕೊಳ್ಳಲು ಹೊತ್ತೇ ಇಲ್ಲ. ಅದಕ್ಕೆ ಕಾಲದ ಖಾನೆಗಳನ್ನೇ ಸಣ್ಣಗೆ ಸೀಳಿದರು, ಬೇರೆಯವರ ರವಾನೆ ನಡೆಯುತ್ತಿದ್ದರೂ ನಡುವೆ ನುಗ್ಗುವ ಅಧಿಕಾರ ಕೊಟ್ಟರು. ಆದರೂ ಒಂದು ಕಷ್ಟ ಗಣಿತದಲ್ಲೇ ಇದೆ. ಗದ್ದಲದ ನಡುವೆಯೂ ತಪ್ಪಿಲ್ಲದೆ ಕಳಿಸಬಹುದು ಎಂದು ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲಿ ಸಾಧಿಸಿದ್ದು ಉದ್ದುದ್ದ ಸಂದೇಶಗಳಿಗೆ. ಉದ್ದವಿದ್ದಷ್ಟೂ ಗದ್ದಲ ಸರಾಸರಿಗೆ ಬರುತ್ತದೆ, ಚಿಕ್ಕದಾದರೆ ಅದೃಷ್ಟದ ಪಾಲು ಹೆಚ್ಚು. ಉದ್ದವೆಂದರೆ ತಡ, ಚಿಕ್ಕದೆಂದರೆ ಅಪಾಯ. ಸುತ್ತಿ ಬಳಸಿ ಗುಂಡಿನ ಸದ್ದಿನ ಹತ್ತಿರವೇ ಬಂದೆವು. ಇನ್ನೊಂದು ಮಾತು ಹೇಳದೆ ಇರಲಾರೆ. 5ಜಿಯಲ್ಲಿ ದತ್ತಾಂಶವನ್ನು ಕಾಯುವ ತಿದ್ದುಪಡಿ ಸಂಕೇತ ರಾಬರ್ಟ್ ಗ್ಯಾಲಗರ್ 1960ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟ ಪಿಎಚ್‌ಡಿ ಪ್ರಬಂಧದ್ದು. ಆಗಿನ ಕಂಪ್ಯೂಟರ್‌ಗಳಿಗೆ ಅದು ಭಾರವಾಗಿತ್ತು. ಮೂವತ್ತು ಮೂವತ್ತೈದು ವರ್ಷ ಹೆಚ್ಚುಕಡಿಮೆ ಮರೆತೇಹೋಗಿದ್ದು, 1990ರ ದಶಕದಲ್ಲಿ ಪುನಃ ಸಿಕ್ಕಿತು. ವಿಳಂಬದ ಬಗ್ಗೆ ಮಾತನಾಡುವಾಗ ಇದಕ್ಕಿಂತ ದೊಡ್ಡ ವಿಳಂಬ ನನಗೆ ನೆನಪಾಗುವುದಿಲ್ಲ.

‘ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ’ ಎನ್ನುತ್ತೀರಿ. ನಮ್ಮ ಫೋನುಗಳು ಸಾಮಾನ್ಯವಾಗಿ ಬಳಸುವ ತರಂಗಗಳಿಗೆ ಮಳೆಹನಿ ಅಷ್ಟೇನೂ ಅಡ್ಡಿಯಲ್ಲ. ಒದ್ದೆ ಎಲೆಗಳ ದಟ್ಟಣೆ ಅಡ್ಡಿ. ಗುಡ್ಡದಿಂದ ಗುಡ್ಡಕ್ಕೆ ಟವರ್‌ಗಳನ್ನು ಬೆಸೆಯುವ ಮೈಕ್ರೋವೇವ್ ಕೊಂಡಿಗೆ ಜಡಿಮಳೆ ಅಡ್ಡಿ, ಏಕೆಂದರೆ ಅದರ ತರಂಗಗಳು ಹೆಚ್ಚು ಕಿರಿದು. ಎಲ್ಲಕ್ಕಿಂತ ದೊಡ್ಡ ಅಡ್ಡಿ ಕರೆಂಟ್. ಡೀಸೆಲ್ ಮುಗಿದ ಟವರ್‌ಗೆ ಯಾವ ಸೂತ್ರವೂ ದಿಕ್ಕಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದ ದಿನಗಳನ್ನು ಕಂಡ ನಿಮಗೆ ನಾನು ಸರದಿ ಹಂಚಿಕೆಯಿಂದ ಎಲ್ಲ ಸರಿಯಾಗುತ್ತದೆ ಎಂದು ಹೇಳಿದರೆ ನಗುತ್ತೀರಿ.

ಆದರೆ ಅಂಥ ದಿನಕ್ಕೆ ಬೇಕಾದ ಎಚ್ಚರಿಕೆ ಹೇಗೆ ಬರಬೇಕೆಂಬುದು ನನ್ನ ವಿಷಯವೇ. 2023ರಲ್ಲಿ ಒಂದು ದಿನ ನಿಮ್ಮ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡು ‘ಇದು ಪರೀಕ್ಷಾ ಸಂದೇಶ’ ಎಂದದ್ದು ನೆನಪಿರಬಹುದು. ಅದು ಎಸ್‌ಎಂಎಸ್ ಅಲ್ಲ, ಸೆಲ್ ಬ್ರಾಡ್‌ಕಾಸ್ಟ್. ಎಸ್‌ಎಂಎಸ್ ಆಗಿದ್ದರೆ ಪ್ರತಿ ಫೋನಿಗೂ ಬೇರೆ ಬೇರೆ ಕಳಿಸಿ, ಪ್ರತಿಯೊಂದರಿಂದಲೂ ಉತ್ತರ ಪಡೆಯಬೇಕು. ಊರಿಗೆ ಊರೇ ಸಾಲು ನಿಲ್ಲುತ್ತದೆ. ಇದರಲ್ಲಿ ಟವರ್ ಒಮ್ಮೆ ಸಾರಿದರೆ ಅದರಡಿಯ ಎಲ್ಲ ಫೋನುಗಳಿಗೂ ಕೇಳುತ್ತದೆ. ಯಾರ ಉತ್ತರವನ್ನೂ ಅದು ಕೇಳುವುದಿಲ್ಲ. ಮತ್ತೆ ಮತ್ತೆ ಸಾರುತ್ತದೆ, ಆಗಲೇ ಕೇಳಿದ ಫೋನು ಎರಡನೆಯ ಸಲ ಸುಮ್ಮನಿರುತ್ತದೆ. ಹಳೆಯ ಡಂಗುರವೇ.

ಇಷ್ಟಕ್ಕೆ ಮಾತು ಮುಗಿಸಿ ಪ್ರಶ್ನೆಗಳಿದ್ದರೆ ಕೇಳಿ ಎಂದೆ.

ಸಿದ್ದಾಪುರದ ಕಡೆಯಿಂದ ಬಂದಿದ್ದ ಮಹಿಳೆಯೊಬ್ಬರು ಎದ್ದು ನಿಂತರು. ‘ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಬಂದಿದೆ ಎಂದು ಹಾಕುತ್ತಾರೆ ಸರ್. ನನಗೆ ಅದು ತೋಟದಿಂದ ಮೇಲೆ ಬಂದ ಮೇಲೆ, ಎರಡು ಗಂಟೆ ಬಿಟ್ಟು ಸಿಗುತ್ತದೆ. ಇದಕ್ಕೇನು ಮಾಡುತ್ತೀರಿ?’ ನನಗೆ ಸುಲಭದ ಪ್ರಶ್ನೆ ಎನಿಸಿತು. ಅಲ್ಲಿ ಭರವಸೆ ಅತಿಯಾಗಿದೆ, ಸಂದೇಶ ನಿಮ್ಮ ಫೋನು ಸಿಗುವವರೆಗೂ ಹಠ ಹಿಡಿದು ಕಾಯುತ್ತದೆ, ಆನೆ ಕಾಯುವುದಿಲ್ಲ ಎಂದೆ. ಎಸ್‌ಎಂಎಸ್‌ನಲ್ಲಿ ಕಳಿಸುವವರು 5 ನಿಮಿಷದಿಂದ 63 ವಾರಗಳವರೆಗೆ ಆಯುಸ್ಸು ಬರೆಯಲು ಜಾಗವಿದೆ, ಹೆಚ್ಚಿನವರು ಅದನ್ನು ಬಳಸುವುದೇ ಇಲ್ಲ. ಆನೆಯ ಸುದ್ದಿಗೆ ಅರ್ಧ ಗಂಟೆ ಆಯುಸ್ಸು ಕೊಟ್ಟರೆ ಹಳಸಿದ ಸುದ್ದಿ ತಾನೇ ಸಾಯುತ್ತದೆ ಎಂದು ವಿವರಿಸಿದೆ. ಅವರು ಒಪ್ಪಲಿಲ್ಲ. ‘ಬೇಡ ಸರ್, ತಡವಾದರೂ ಬರಲಿ. ಎರಡು ಗಂಟೆ ಹಿಂದೆ ಕೆರೆ ಹತ್ತಿರ ಇತ್ತು ಎಂದರೆ ಈಗ ಹಲಸಿನ ಮರದ ಕಡೆ ಇರುತ್ತದೆ. ಅದು ಹೋಗುವ ದಾರಿ ನಮಗೆ ಗೊತ್ತಲ್ಲ.’

ಸಭೆ ನಕ್ಕಿತು, ನಾನೂ ನಕ್ಕೆ. ಚಹಾ ಬಂತು. ಮುಂದಿನ ಸಾಲಿನಲ್ಲಿ ಕೊನೆಯವರೆಗೂ ಸುಮ್ಮನಿದ್ದ ಹಿರಿಯರೊಬ್ಬರು ಲೋಟ ಹಿಡಿದು ಹತ್ತಿರ ಬಂದರು. ‘ನೀವು ಕೋವಿಯ ವಿಷಯ ಹೇಳಿದಿರಿ. ಒಂದು ಸದ್ದು ಕೇಳಿ ಇನ್ನೊಂದಕ್ಕೆ ಕಾಯುತ್ತಾ ಯಾರೂ ನಿಲ್ಲುತ್ತಿರಲಿಲ್ಲ’ ಎಂದರು. ‘ಮತ್ತೆ ಹೇಗೆ ತಿಳಿಯುತ್ತಿತ್ತು?’ ಎಂದು ಕೇಳಿದೆ.

‘ಸದ್ದು ಯಾವ ದಿಕ್ಕಿನಿಂದ ಬಂತು ಎಂಬುದೇ ಸಾಕಾಗಿತ್ತು. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯಲ್ಲಿ ತುಂಬಿದ ಬಸುರಿ ಇದ್ದಾಳೆ ಎಂದು ಊರಿಗೆಲ್ಲ ಮೊದಲೇ ಗೊತ್ತಿರುತ್ತಿತ್ತಲ್ಲ.’